ಬಸವನ ಪಾದದಿಂದ ಮೈಸೂರು ರಸ್ತೆಗೆ: ಹಳೆಯ ಬೆಂಗಳೂರಿನ ರಸ್ತೆಗಳು, ತೊರೆಗಳು ಮತ್ತು ಜನಸ್ಮೃತಿ

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ವೃಷಭಾವತಿ ನದಿ ಹುಟ್ಟುತ್ತದೆ ಎಂಬುದು ಬೆಂಗಳೂರಿನ ಜನಪದರ ನಂಬಿಕೆ. ನದಿಯ ಹೆಸರೇ ಈ ನಂಬಿಕೆಯನ್ನು ಹೊತ್ತು ನಿಂತಿದೆ. ಮಲ್ಲೇಶ್ವರದವರು ಇದೇ ನದಿಯ ಮೂಲವನ್ನು ಕಾಡು ಮಲ್ಲೇಶ್ವರ ದೇವಾಲಯದ ಎದುರಿನ ನಂದಿತೀರ್ಥದಲ್ಲಿ ಗುರುತಿಸುತ್ತಾರೆ. ಒಂದೇ ನದಿಗೆ ಎರಡು ಮೂಲಗಳನ್ನು ಹೇಳುವುದು ಗೊಂದಲವೆಂದು ತಳ್ಳಿಹಾಕುವುದು ಸುಲಭ. ಆದರೆ ಬೆಂಗಳೂರು ಒಂದು ಏಣಿನ ಮೇಲೆ ಕುಳಿತಿರುವ ಊರು. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಏಣಿನ ಮೇಲೆ ಹುಟ್ಟುವ ನದಿಗೆ ಒಂದೇ ಕಣ್ಣು ಇರುವುದಿಲ್ಲ. ಅನೇಕ ಒರತೆಗಳು ಕೂಡಿಯೇ ಅದು ಹರಿಯಬೇಕು. ಈ ಸಂಗತಿಯನ್ನು ನಕ್ಷೆಯ ಏಕೈಕ ನೀಲಿ ಗೆರೆಗಿಂತ ಜನರ ನಂಬಿಕೆಯೇ ಹೆಚ್ಚು ಸರಿಯಾಗಿ ಹಿಡಿದಿದೆ ಎನ್ನಬೇಕು.

ರಸ್ತೆ ನಿರ್ಮಾಣದಿಂದ ತೊರೆಗಳ ಮೇಲೂ ಜೀವಿಗಳ ಮೇಲೂ ಆಗುವ ಪರಿಣಾಮವನ್ನು ಅಳೆಯುವಾಗ ಇಂತಹ ಸಾಕ್ಷ್ಯಕ್ಕೆ ಸ್ಥಾನ ದೊರೆತಿರುವುದು ವಿರಳ. ಐತಿಹ್ಯ, ಸ್ಥಳನಾಮ, ಪರಿಷೆ ಇವು ಸಂಸ್ಕೃತಿಯ ಕಡತಕ್ಕೆ ಸೇರಿದವು. ನೀರು ಎಂಜಿನಿಯರರ ಕಡತಕ್ಕೆ ಸೇರಿದ್ದು. ಈ ವಿಭಜನೆಯಿಂದ ಹಳೆಯ ಬೆಂಗಳೂರು ಕಳೆದುಕೊಂಡದ್ದು ಅಲ್ಪವಲ್ಲ.

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಓಣಿಗಳನ್ನು ತಲ್ಲಣಗೊಳಿಸಿದ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಗಲವಾದ ನೇರ ರಸ್ತೆಗಳು, ಅಂಕಿಗಳಲ್ಲಿ ಹೆಸರಿಸಿದ ಅಡ್ಡರಸ್ತೆಗಳು, ಸಾಲುಮರಗಳು ಇವೆಲ್ಲ ಆರೋಗ್ಯದೃಷ್ಟಿಯಿಂದ ಬಂದವು. ಆ ಕಾಲಕ್ಕೆ ಅದು ಅಗತ್ಯವೂ ಆಗಿತ್ತು. ಆದರೆ ನೇರ ರಸ್ತೆ ಇಳಿಜಾರನ್ನು ಕೇಳಿ ಸಾಗುವುದಿಲ್ಲ, ತೊರೆ ಇಳಿಜಾರನ್ನಲ್ಲದೆ ಬೇರೇನನ್ನೂ ಕೇಳುವುದಿಲ್ಲ. ಅವೆರಡೂ ಸಂಧಿಸುವಲ್ಲೆಲ್ಲ ತೊರೆ ಮೊದಲು ಮೋರಿಯಾಯಿತು, ಅನಂತರ ಚಪ್ಪಡಿಯಡಿಯ ಚರಂಡಿಯಾಯಿತು.

ಬಸವನಗುಡಿಯ ಹಿಂದಿನ ಹೆಸರು ಸುಂಕೇನಹಳ್ಳಿ. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಹೊಂದಿಕೊಂಡ ಕಥೆ ಎಲ್ಲರಿಗೂ ತಿಳಿದದ್ದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ಹೊಸಕೆರೆಹಳ್ಳಿಗಳ ರೈತರ ಕಡಲೆಕಾಯಿ ಬೆಳೆಯನ್ನು ಬಸವವೊಂದು ಮೇಯುತ್ತಿತ್ತು. ಪೆಟ್ಟು ತಿಂದು ಅದು ಕಲ್ಲಾಯಿತು. ರೈತರು ಪಶ್ಚಾತ್ತಾಪಪಟ್ಟು ಗುಡಿ ಕಟ್ಟಿ ಮೊದಲ ಬೆಳೆಯನ್ನು ಅರ್ಪಿಸಿದರು. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆಯಾದುದರಿಂದ, ಕೆಂಪೇಗೌಡರ ಕಾಲದ್ದೆನ್ನುವ ಗುಡಿಗಿಂತ ಕಥೆಯ ಈಗಿನ ರೂಪ ಈಚಿನದಿರಬೇಕು. ಕಾಲನಿರ್ಣಯಕ್ಕೆ ದುರ್ಬಲವಾದ ಈ ಕಥೆ ಭೂಬಳಕೆಯ ದಾಖಲೆಯಾಗಿ ಮಾತ್ರ ಬಲವಾಗಿದೆ. ದಿಬ್ಬದ ಇಳಿಜಾರಿನಲ್ಲಿ ಕೆಮ್ಮಣ್ಣಿನ ಹೊಲಗಳು, ಅವುಗಳ ನಡುವೆ ಮೇಯುವ ದನ, ತಗ್ಗಿನಲ್ಲಿ ಕೆಂಪಾಂಬುಧಿ ಕೆರೆ: ಬಡಾವಣೆಗೆ ಮುನ್ನ ಇದ್ದ ಜಲಾನಯನದ ಚಿತ್ರ ಇದು. ಹೊಲ ಕುಡಿದು ಮಿಕ್ಕ ನೀರು ಕೆರೆಗೆ ಇಳಿಯುತ್ತಿತ್ತು. ಡಾಂಬರು ಏನನ್ನೂ ಕುಡಿಯದು.

ಸ್ಥಳನಾಮಗಳೂ ಇದೇ ಬಗೆಯ ಸಾಕ್ಷಿಗಳು. ಧರ್ಮಾಂಬುಧಿ ಕೆರೆಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಗಿ ದಶಕಗಳೇ ಕಳೆದರೂ ಪಕ್ಕದ ರಸ್ತೆ ಇಂದಿಗೂ ಟ್ಯಾಂಕ್ ಬಂಡ್ ರಸ್ತೆ, ಅರ್ಥಾತ್ ಕೆರೆಯ ಏರಿ. ಬಸವನಗುಡಿಯ ಕಾರಂಜಿ ಕೆರೆ ಇಲ್ಲವಾಯಿತು. ಕಾರಂಜಿ ಆಂಜನೇಯ ಉಳಿದ. ಸ್ಯಾಂಕಿ ಕೆರೆಗೆ ಗಂಧದ ಕೋಟಿ ಕೆರೆ ಎಂಬ ಹೆಸರೂ ಇತ್ತೆಂಬುದನ್ನು ಮಲ್ಲೇಶ್ವರದ ಹಿರಿಯರಷ್ಟೇ ಬಲ್ಲರು.

ಎಲ್ಲಕ್ಕಿಂತ ದೊಡ್ಡ ನಿದರ್ಶನ ಮೈಸೂರು ರಸ್ತೆ. ವೃಷಭಾವತಿಯ ಕಣಿವೆಯನ್ನು ಹಿಡಿದೇ ಸಾಗುವ ಈ ರಸ್ತೆ ಅಗಲವಾದಂತೆಲ್ಲ ನದಿ ಕಲ್ಲು ಮತ್ತು ಕಾಂಕ್ರೀಟ್ ಗೋಡೆಗಳ ನಡುವೆ ಕಿರಿದಾಯಿತು. ನಗರದ ಕೊಳಚೆಯೂ ಕೈಗಾರಿಕೆಗಳ ತ್ಯಾಜ್ಯವೂ ಸೇರಿ ಅದು ನದಿಯೆಂಬ ಹೆಸರನ್ನೇ ಕಳೆದುಕೊಂಡಿತು. ಬ್ಯಾಟರಾಯನಪುರದ ಗಾಳಿ ಆಂಜನೇಯ ದೇವಾಲಯ ಸಂಗಮಸ್ಥಾನದ್ದೆಂದು ಐತಿಹ್ಯವಿದೆ. ಮಳೆ ಬಿರುಸಾದಾಗ ನೀರು ಆ ದೇವಾಲಯದೊಳಕ್ಕೆ ನುಗ್ಗಿದ್ದುಂಟು. ಮರೆತ ನದಿ ತನ್ನ ಜಾಗವನ್ನು ಮರೆತಿರುವುದಿಲ್ಲ.

ಪರಿಣಾಮವನ್ನು ಅಳೆಯುವ ಕಾನೂನಿನ ಚೌಕಟ್ಟು ಹೇಗಿದೆ? 2006ರ ಪರಿಸರ ಪರಿಣಾಮ ನಿರ್ಧಾರಣ ಅಧಿಸೂಚನೆಯು ಹೆದ್ದಾರಿಗಳನ್ನು ಹೆಸರಿಸುತ್ತದೆ; ಬಡಾವಣೆಯೊಳಗಿನ ರಸ್ತೆಯ ಅಗಲೀಕರಣ ಅದರ ಪಟ್ಟಿಯಲ್ಲಿಲ್ಲ. ಅಲ್ಲಿ ಬಳಕೆಗೆ ಬರುವುದು ಮುಖ್ಯವಾಗಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ. ಹೀಗಾಗಿ ಲೆಕ್ಕವೆಲ್ಲ ಮರಗಳದ್ದೇ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಯೋಜಿಸಿದ್ದ 6.7 ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆಯ ವಿವಾದದಲ್ಲಿ 812 ಮರಗಳೆಂಬ ಅಂಕಿ ಜನರ ನಾಲಿಗೆಯ ಮೇಲಿತ್ತು. 2017ರಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಮಲ್ಲೇಶ್ವರದ ಸ್ಯಾಂಕಿ ರಸ್ತೆಯ ಅಗಲೀಕರಣವನ್ನು ನಾಗರಿಕರು 2011ರಲ್ಲಿ ಪ್ರತಿಭಟಿಸಿದರು. 2023ರಲ್ಲಿ ಅಲ್ಲಿಯೇ ಮೇಲುಸೇತುವೆಯ ಪ್ರಸ್ತಾಪ ಬಂದಾಗ ಮತ್ತೆ ಬೀದಿಗಿಳಿದರು. ಆ ಹೋರಾಟಗಳ ಬೆಲೆ ದೊಡ್ಡದು. ಆದರೂ ಮರವನ್ನು ಎಣಿಸಬಹುದು, ಹೂತುಹೋದ ತೊರೆಯನ್ನು ಎಣಿಸಲಾಗದು. ಪರಿಷ್ಕೃತ ಮಹಾಯೋಜನೆ 2015 ರಾಜಕಾಲುವೆಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ 50, 25 ಮತ್ತು 15 ಮೀಟರುಗಳ ರಕ್ಷಣಾ ವಲಯ ವಿಧಿಸಿತು. ನಕ್ಷೆಯಲ್ಲೇ ಇಲ್ಲದ ಕಾಲುವೆಗೆ ಯಾವ ವಲಯವೂ ದೊರೆಯದು.

ಮರಗಳ ಎಣಿಕೆಯೂ ಪೂರ್ಣಸತ್ಯವಲ್ಲವೆಂಬುದಕ್ಕೆ ಕಾಡುಪಾಪ ಸಾಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಈ ನಿಶಾಚರಿ ಮಲ್ಲೇಶ್ವರಕ್ಕೆ ಹೊಂದಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಣಸಿಕ್ಕಿದೆ. ಇದು ಕೋತಿಯಂತೆ ನೆಗೆಯಲಾರದು. ಕೊಂಬೆಯಿಂದ ಕೊಂಬೆಗೆ ಕೈಚಾಚಿ ಸಾಗಬೇಕು. ರಸ್ತೆಯ ಎರಡೂ ಬದಿಯ ಮರಗಳು ಮೇಲೆ ಕೈಕೂಡಿಸಿದ್ದರೆ ಮಾತ್ರ ರಸ್ತೆ ಅದಕ್ಕೆ ದಾಟುವ ಹಾದಿ. ಹತ್ತು ಮರ ಕಡಿದು ಬೇರೆಡೆ ನೂರು ಸಸಿ ನೆಟ್ಟರೆ ಅಂಕಿ ಏರುತ್ತದೆ, ಹಾದಿ ಮುರಿಯುತ್ತದೆ. ನೆಲಕ್ಕಿಳಿದ ಪಾಪಕ್ಕೆ ನಾಯಿಯೂ ವಾಹನವೂ ಮೃತ್ಯು. ಜನಸ್ಮೃತಿಯನ್ನು ಎಲ್ಲೆಡೆಯೂ ಹೊಗಳಲಾಗದೆಂಬುದನ್ನೂ ಇಲ್ಲಿ ಹೇಳಬೇಕು: ಮಾಟಮಂತ್ರದ ನಂಬಿಕೆಯಿಂದ ಈ ಸಾಧು ಪ್ರಾಣಿ ಅನುಭವಿಸಿದ ಹಿಂಸೆ ಸಾಮಾನ್ಯವಾದುದಲ್ಲ.

ಆಚರಣೆಯೊಂದು ನೀರನ್ನು ಉಳಿಸಿದ ಉದಾಹರಣೆ ಈ ಬಡಾವಣೆಗಳಿಂದ ತುಸು ದೂರದಲ್ಲಿದೆ. ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣಕ್ಕೆ ಎಡೆಯಾಯಿತು. ಆದರೆ ಕರಗದ ವಿಧಿಗಳಿಗೆ ನೀರು ಬೇಕು. ಚಿತ್ರದ ನೀರಾಗಲಿ ನಲ್ಲಿಯ ನೀರಾಗಲಿ ಆ ಸ್ಥಾನವನ್ನು ತುಂಬಲಾರವು. ಆದುದರಿಂದ ಕೆರೆಯ ಒಂದು ಮೂಲೆ ಸಣ್ಣ ಕೊಳವಾಗಿ ಉಳಿಯಿತು, ವಹ್ನಿಕುಲ ಕ್ಷತ್ರಿಯರು ಇಂದಿಗೂ ಅಲ್ಲಿಗೆ ಬರುತ್ತಾರೆ. ಕಾರಂಜಿ ಕೆರೆಗೆ ಅಂತಹ ಹಕ್ಕುದಾರರಿರಲಿಲ್ಲ.