ಬೋಟಿನ ಬೆಲ್ಟು, ಆಲೆಮನೆಯ ಬೆಲ್ಟು: ಮಂಡ್ಯ ಸೀಮೆಯ ಪೇಟೆಗಳಲ್ಲಿ ಬಿಡಿ ಬೆಲ್ಟು ಕೊಳ್ಳುವವರಿಗೆ ಮಾಹಿತಿ

ಬೋಟಿನ ಎಂಜಿನ್ ಕಡಲಿನ ನಡುವೆ ನಿಂತುಹೋಯಿತು ಎಂಬ ಸುದ್ದಿ ಬಂದಾಗ ಎಂಜಿನ್ನೇ ಹಾಳಾಯಿತು ಎಂದು ನಾವು ತಿಳಿಯುತ್ತೇವೆ. ಕೆಲವು ಸಲ ಕಾರಣ ಕೆಲವು ನೂರು ರೂಪಾಯಿಯ ಒಂದು ರಬ್ಬರ್ ಬೆಲ್ಟು ಮಾತ್ರ. ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಈ ಬೆಲ್ಟು ಆಲ್ಟರ್ನೇಟರನ್ನೂ ಅನೇಕ ಎಂಜಿನ್‌ಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಅದು ತುಂಡಾದರೆ ಬ್ಯಾಟರಿಗೆ ಚಾರ್ಜ್ ಇಲ್ಲ, ಎಂಜಿನ್ನಿಗೆ ತಂಪು ಇಲ್ಲ. ಹಾಗೆಯೇ ಓಡಿಸಿದರೆ ಹೆಡ್ ಹೋಗುತ್ತದೆ. ನಿಲ್ಲಿಸಿದರೆ ಬೋಟು ಗಾಳಿ ನೀರಿನ ಪಾಲು. ರಾತ್ರಿಯಾದರೆ ದೀಪ, ವೈರ್‌ಲೆಸ್, ಜಿಪಿಎಸ್ ಎಲ್ಲವೂ ಉಳಿದಷ್ಟು ಬ್ಯಾಟರಿಯ ಮೇಲೆಯೇ ನಡೆಯಬೇಕು. ಇಷ್ಟು ತಿಳಿದೂ ಸ್ಪೇರ್ ಬೆಲ್ಟು ಇಲ್ಲದೆ ಕಡಲಿಗಿಳಿಯುವ ಬೋಟುಗಳಿವೆ.

ಬೆಲ್ಟಿನ ವಿಚಾರಕ್ಕೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಅಲ್ಲಿ ಕಡಲಿಲ್ಲ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಮೀನು ಹಿಡಿಯುವವರದು ಹರಿಗೋಲು, ರಂಗನತಿಟ್ಟಿನಲ್ಲಿ ಹಕ್ಕಿ ತೋರಿಸುವ ದೋಣಿಗಳಿಗೆ ಹುಟ್ಟು. ಆದರೆ ಅಲ್ಲಿ ಕಬ್ಬು ಇದೆ, ಕಬ್ಬಿನೊಂದಿಗೆ ಆಲೆಮನೆ ಇದೆ. ಎತ್ತು ಕಟ್ಟಿ ತಿರುಗಿಸುತ್ತಿದ್ದ ಗಾಣದ ಜಾಗಕ್ಕೆ ಮೋಟರು, ಡೀಸೆಲ್ ಎಂಜಿನ್ ಬಂದ ಮೇಲೆ ಬೆಲ್ಟು ಅಲ್ಲಿನ ದಿನಬಳಕೆಯ ವಸ್ತುವಾಯಿತು. ಹಿಟ್ಟಿನ ಗಿರಣಿ, ಅಕ್ಕಿ ಗಿರಣಿ, ಒಕ್ಕಣೆ ಯಂತ್ರ, ಟ್ರ್ಯಾಕ್ಟರುಗಳಿಗೂ ಅದು ಬೇಕು. ನಮ್ಮ ಕೆಲವು ಬೋಟುಗಳಲ್ಲಿ ಬಲೆ ಎಳೆಯುವ ವಿಂಚಿಗೆ ಹಾಕುವ ಬೆಲ್ಟೂ ಕಬ್ಬಿನ ಗಾಣಕ್ಕೆ ಹಾಕುವ ಬೆಲ್ಟೂ ಒಂದೇ ಜಾತಿಯವು, ಅನೇಕ ಸಲ ಒಂದೇ ನಂಬರಿನವು. ಅದೇ ವಸ್ತುವನ್ನು ‘ಬೋಟಿನ ಸಾಮಾನು’ ಎಂದು ಕೇಳಿದರೆ ಒಂದು ಬೆಲೆ, ‘ಬಿ 54 ಬೆಲ್ಟು ಕೊಡಿ’ ಎಂದು ಕೇಳಿದರೆ ಇನ್ನೊಂದು ಬೆಲೆ ಆಗುವುದುಂಟು. ಆದ್ದರಿಂದ ಬೋಟಿನ ಹೆಸರು ಹೇಳದೆ ನಂಬರ್ ಹೇಳುವುದನ್ನು ಮೊದಲು ಕಲಿಯಬೇಕು.

ನಂಬರ್ ಬೆಲ್ಟಿನ ಬೆನ್ನ ಮೇಲೆಯೇ ಅಚ್ಚಾಗಿರುತ್ತದೆ. ಗಿರಣಿ, ಗಾಣಗಳಿಗೆ ಬಳಸುವ ವಿ-ಬೆಲ್ಟಿನಲ್ಲಿ ಅಕ್ಷರ ಅಗಲವನ್ನೂ ಅಂಕಿ ಒಳಸುತ್ತಳತೆಯನ್ನು ಇಂಚಿನಲ್ಲಿಯೂ ಹೇಳುತ್ತದೆ. ‘ಎ’ ಎಂದರೆ ಮೇಲಿನ ಅಗಲ 13 ಮಿ.ಮೀ., ದಪ್ಪ 8. ‘ಬಿ’ ಎಂದರೆ 17 ಅಗಲ, 11 ದಪ್ಪ. ‘ಸಿ’ ಎಂದರೆ 22 ಅಗಲ, 14 ದಪ್ಪ. ಬಿ 54 ಎಂದರೆ ಬಿ ಅಗಲದ, ಒಳಗೆ 54 ಇಂಚು ಸುತ್ತಳತೆಯ ಬೆಲ್ಟು.

ಅಚ್ಚು ಅಳಿಸಿಹೋಗಿದ್ದರೆ ದಾರದಿಂದ ಹೊರಸುತ್ತು ಅಳೆದು, ‘ಎ’ ಬೆಲ್ಟಿಗೆ ಸುಮಾರು 2 ಇಂಚು, ‘ಬಿ’ಗೆ ಎರಡೂಮುಕ್ಕಾಲು, ‘ಸಿ’ಗೆ ಮೂರೂವರೆ ಇಂಚು ಕಳೆದರೆ ನಂಬರ್ ಸಿಗುತ್ತದೆ. ಹಳೆಯ ಬೆಲ್ಟು ಹಿಗ್ಗಿರುತ್ತದೆ ಎಂಬುದು ನೆನಪಿರಲಿ. ಬೆಲ್ಟು ತುಂಡಾಗಿ ಕಾಣೆಯಾಗಿದ್ದರೆ ಆಲ್ಟರ್ನೇಟರನ್ನು ಅದರ ಕಂಡಿಯ ನಡುಮಧ್ಯಕ್ಕೆ ತಂದು, ಪುಲ್ಲಿಗಳ ಮೇಲೆಯೇ ದಾರ ಸುತ್ತಿ ಅಳೆಯಬೇಕು.

ಎಂಜಿನ್ನಿನ ಮುಂಭಾಗದ ಬೆಲ್ಟಿನಲ್ಲಿ ಅನೇಕರು ಎಡವುತ್ತಾರೆ. ಗಾಣದ ಬೆಲ್ಟಿಗೆ ಮೈತುಂಬ ಬಟ್ಟೆ ಸುತ್ತಿರುತ್ತದೆ. ಎಂಜಿನ್ ಬೆಲ್ಟಿನ ಪಕ್ಕಗಳು ಕತ್ತರಿಸಿದ ಬರಿಯ ರಬ್ಬರು, ಒಳಮೈಯಲ್ಲಿ ಹಲ್ಲುಗಳು. ಆಲ್ಟರ್ನೇಟರಿನ ಸಣ್ಣ ಪುಲ್ಲಿಯ ಮೇಲೆ ಅದು ಸುಲಭವಾಗಿ ಬಾಗುತ್ತದೆ. ಇದರ ಮೇಲೆ ‘ಎವಿಎಕ್ಸ್ 13×1000’ ಎಂಬಂತೆ ಬರೆದಿರುತ್ತದೆ: 13 ಮಿ.ಮೀ. ಅಗಲ, 1000 ಮಿ.ಮೀ. ಹೊರಸುತ್ತಳತೆ. ಎ 38 ಬೆಲ್ಟಿನ ಒಳಸುತ್ತು 965 ಮಿ.ಮೀ., ಹೊರಗೆ ಸುಮಾರು 1015. ಲೆಕ್ಕ ಹೀಗೆ ಹಾಕಬೇಕು. ತುರ್ತಿಗೆ ಎ ಬೆಲ್ಟನ್ನು ಹಾಕಿ ದಡ ಸೇರಬಹುದು, ಅದರಲ್ಲೇ ವರ್ಷ ಕಳೆಯಬಾರದು. 10 ಮಿ.ಮೀ. ಅಗಲದ ಬೆಲ್ಟಿನ ಜಾಗಕ್ಕಂತೂ ಎ ಬೆಲ್ಟು ಕೂರುವುದೇ ಇಲ್ಲ. ‘8ಪಿಕೆ1255’ ಎಂದಿದ್ದರೆ ಅದು ಚಪ್ಪಟೆ ಬೆಲ್ಟು: ಎಂಟು ಗೆರೆ, 1255 ಮಿ.ಮೀ. ಉದ್ದ. ಅದಕ್ಕೆ ಬದಲಿ ಹುಡುಕಬೇಡಿ, ಅದನ್ನೇ ಕೇಳಿ. ಔಟ್‌ಬೋರ್ಡ್ ಎಂಜಿನ್ ಇರುವವರಿಗೆ ಈ ಲೇಖನದಿಂದ ಹೆಚ್ಚು ಉಪಯೋಗವಿಲ್ಲ; ಫೋರ್ ಸ್ಟ್ರೋಕ್ ಔಟ್‌ಬೋರ್ಡಿನ ಟೈಮಿಂಗ್ ಬೆಲ್ಟನ್ನು ಕಂಪನಿಯ ಪಾರ್ಟ್ ನಂಬರಿನ ಮೇಲೆಯೇ ಕೊಳ್ಳಬೇಕು.

ಬೋಟಿನಲ್ಲಿರುವುದು ಲೇಲ್ಯಾಂಡ್ ಎಂಜಿನ್, ಲಾರಿಯ ಬೆಲ್ಟು ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಎಂಜಿನ್ ಒಂದೇ ಕುಟುಂಬದ್ದಾದರೂ ಬೋಟಿಗೆ ಅಳವಡಿಸುವಾಗ ಪುಲ್ಲಿ, ಪಂಪು ಬದಲಾಗಿರಬಹುದು. ಎಂಜಿನ್ನಿನ ಹೆಸರಿಗಿಂತ ಬೆಲ್ಟಿನ ಅಚ್ಚನ್ನು ನಂಬುವುದು ಲೇಸು.

ಕರಾವಳಿಯಿಂದ ಹೋಗುವವರಿಗೆ ದಾರಿ ಸುಲಭ. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಿಗುವ ಬೆಳ್ಳೂರು ಕ್ರಾಸ್ ನಾಗಮಂಗಲ ತಾಲೂಕಿನದು. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ನಾಗಮಂಗಲ, ಪಾಂಡವಪುರ ದಾಟಿ ಶ್ರೀರಂಗಪಟ್ಟಣ. ಮಡಿಕೇರಿಯ ಮೇಲೆ ಮೈಸೂರಿಗೆ ಹೋಗುವವರಿಗೆ ಶ್ರೀರಂಗಪಟ್ಟಣ ಮುಂದಿನ ಊರು. ಕೆ.ಆರ್. ಪೇಟೆಗೆ ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳ, ಕಿಕ್ಕೇರಿ ಮಾರ್ಗ. ಕಾಲುವೆ ನೀರಿನ ಕಬ್ಬಿನ ಸೀಮೆಯಾದ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆಗಳಲ್ಲಿ ಬಿ, ಸಿ ಬೆಲ್ಟುಗಳನ್ನು ಮೊದಲು ವಿಚಾರಿಸಬೇಕು. ಮಳೆಯಾಶ್ರಯದ ರಾಗಿ, ತೆಂಗಿನ ನಾಗಮಂಗಲದಲ್ಲಿ ಗಿರಣಿ ಮತ್ತು ಟ್ರ್ಯಾಕ್ಟರಿನ ಬೆಲ್ಟುಗಳು. ‘ಬೆಲ್ಟು ಅಂಗಡಿ’ ಎಂದು ಕೇಳಿದರೆ ಯಾರೂ ದಾರಿ ತೋರಿಸಲಿಕ್ಕಿಲ್ಲ. ಬೇರಿಂಗ್ ಅಂಗಡಿ, ಗಿರಣಿ ಸಾಮಾನು, ಟ್ರ್ಯಾಕ್ಟರ್ ಬಿಡಿಭಾಗ ಎಂದು ಕೇಳಬೇಕು. ಅಪರೂಪದ ನಂಬರಿಗೆ ಮೈಸೂರು, ಇಲ್ಲವೇ ಬೆಂಗಳೂರಿನ ಜೆ.ಸಿ. ರಸ್ತೆ. ಒಂದು ಬೆಲ್ಟಿಗಾಗಿ ಇಷ್ಟು ದೂರ ಹೋದರೆ ಡೀಸೆಲ್ ಖರ್ಚೇ ಹೆಚ್ಚು. ಮದುವೆಗೋ ನೆಂಟರ ಮನೆಗೋ ಹೋದಾಗ, ನಂಬರ್ ಬರೆದ ಚೀಟಿ ಜೇಬಿನಲ್ಲಿದ್ದರೆ ಸಾಕು.

ಅಗ್ಗ ಎಂದರೆ ನಕಲಿ ಎಂದಾಗಬಾರದು. ಮಧುರೈಯ ಫೆನ್ನರ್, ನಾಗಪುರದ ಪಿಕ್ಸ್ ಮುಂತಾದ ನಮ್ಮ ದೇಶದ ಬೆಲ್ಟುಗಳೇ ಸಾಕಷ್ಟು ಚೆನ್ನಾಗಿವೆ. ಅಚ್ಚು ಮಸುಕಾಗಿದ್ದರೆ, ಬಾಗಿಸಿದಾಗ ಒಳಮೈಯಲ್ಲಿ ಬಿರುಕು ಕಂಡರೆ ಬಿಟ್ಟುಬಿಡಿ. ವರ್ಷಗಟ್ಟಲೆ ಮೊಳೆಗೆ ತೂಗುಬಿದ್ದು ಗಟ್ಟಿಯಾದ ಬೆಲ್ಟನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ನಾವೇ ಒಮ್ಮೆ ಅಂಥ ಎರಡು ಬೆಲ್ಟು ತಂದಿದ್ದೆವು. ಒಂದು ವಾರವೂ ಬಾಳಲಿಲ್ಲ. ಎರಡು ಮೂರು ಬೆಲ್ಟು ಒಟ್ಟಿಗೆ ಓಡುವ ಪುಲ್ಲಿಯಲ್ಲಿ ಒಂದು ತುಂಡಾದರೆ ಎಲ್ಲವನ್ನೂ ಬದಲಿಸಬೇಕು, ಒಂದೇ ಕಂಪನಿಯ ಸೆಟ್ ಹಾಕಬೇಕು. ಹಳತು ಹೊಸತು ಬೆರೆಸಿದರೆ ಭಾರವೆಲ್ಲ ಹೊಸತರ ಮೇಲೆ ಬೀಳುತ್ತದೆ. ಹೊಸ ಬೆಲ್ಟೂ ಬೇಗ ಸವೆಯುತ್ತಿದ್ದರೆ ಪುಲ್ಲಿಯ ಕಣಿವೆ ನೋಡಿ. ತಳ ಹೊಳೆಯುತ್ತಿದ್ದರೆ ಬೆಲ್ಟು ತಳಕ್ಕೆ ತಾಗಿ ಜಾರುತ್ತಿದೆ ಎಂದರ್ಥ. ಆಗ ಬದಲಿಸಬೇಕಾದದ್ದು ಪುಲ್ಲಿ.

ಧರ್ಮಕೇಂದ್ರ, ಹಾಸ್ಟೆಲುಗಳ ಜನರೇಟರ್ ನೋಡಿಕೊಳ್ಳುವವರಿಗೂ ಇದೇ ಮಾತು. ದೊಡ್ಡ ಜನರೇಟರಿನ ಫ್ಯಾನ್ ಬೆಲ್ಟಿನ ನಂಬರನ್ನು ಅದರ ಮುಚ್ಚಳದ ಒಳಬದಿಯಲ್ಲಿ ಬಣ್ಣದಿಂದ ಬರೆದಿಟ್ಟರೆ, ಹಬ್ಬದ ಸಂಜೆ ಪರದಾಡುವುದು ತಪ್ಪುತ್ತದೆ.

ಹಾಕುವಾಗ ಸ್ಕ್ರೂ ಡ್ರೈವರಿನಿಂದ ಮೀಟಬೇಡಿ, ಒಳಗಿನ ನೂಲು ಹರಿಯುತ್ತದೆ. ಆಲ್ಟರ್ನೇಟರ್ ಸಡಿಲಿಸಿ ಕೈಯಿಂದ ಕೂರಿಸಬೇಕು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗಿದರೆ ಬಿಗಿ ಸರಿಯಾಗಿದೆ. ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ಹಿಗ್ಗುವುದರಿಂದ ಮತ್ತೊಮ್ಮೆ ಬಿಗಿ ಮಾಡಬೇಕು. ಸ್ಪೇರನ್ನು ಮಡಚದೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಡೀಸೆಲ್ ತಾಗದ, ಬಿಸಿಯಿಲ್ಲದ ಪೆಟ್ಟಿಗೆಯಲ್ಲಿಡಿ. ಜೊತೆಗೆ ಅದಕ್ಕೆ ಬೇಕಾದ ಸ್ಪ್ಯಾನರುಗಳೂ ಇರಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ರಜೆಯಲ್ಲಿ ಬೋಟು ದಡದಲ್ಲಿರುವಾಗ ಹೊಸ ಬೆಲ್ಟು ಹಾಕಿ, ಇನ್ನೂ ಗಟ್ಟಿಯಿರುವ ಹಳತನ್ನು ಎರಡನೆಯ ಸ್ಪೇರಾಗಿ ಇಟ್ಟುಕೊಳ್ಳಬಹುದು.