ಅಮೀರ್‌ಬಾಯಿಯವರ ಶ್ರುತಿ ಏರಿದ್ದು ಹೇಗೆ?

ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು ಹಾಡಿದ 'ಕಿಸ್ಮತ್' (1943) ಚಿತ್ರವನ್ನು ನನ್ನ ತಲೆಮಾರಿನವರು ನೋಡಿದ್ದು ಟೀವಿಯಲ್ಲಿ, ಆಮೇಲೆ ವಿಸಿಡಿಯಲ್ಲಿ. ಥಿಯೇಟರಿನಲ್ಲಿ ನೋಡಿದ ಹಿರಿಯರು ಬಾಗಲಕೋಟೆ, ಇಳಕಲ್ಲುಗಳಲ್ಲಿ ಈಗ ಸಿಗುವುದು ಅಪರೂಪ. ಅವರು ಕೇಳಿದ ದನಿಯೇ ನಮಗೂ ಕೇಳಿಸಿತೆ? ನನಗೆ ಅನುಮಾನ. ಇದರಲ್ಲಿ ಗಾಯಕಿಯ ತಪ್ಪೇನೂ ಇಲ್ಲ. ಮೂಲ ಇರುವುದು ಕರೆಂಟಿನಲ್ಲಿ.

ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ವೇಗ ಒಂದೇ ಸಮ ಇರುತ್ತಿರಲಿಲ್ಲ. ಹಳೆಯ ಚಿತ್ರಗಳಲ್ಲಿ ದೊಡ್ಡವರೆಲ್ಲ ಕೋಳಿಯಂತೆ ಓಡಾಡುವುದು ಅದಕ್ಕೇ. ಮಾತು ಬಂದ ಮೇಲೆ ಈ ಸಡಿಲು ನಡೆಯಲಿಲ್ಲ, ಏಕೆಂದರೆ ವೇಗ ಬದಲಾದರೆ ದನಿಯೇ ಕೆಡುತ್ತದೆ. ಸೆಕೆಂಡಿಗೆ 24 ಚಿತ್ರಗಳು ಎಂದು ಗೊತ್ತಾಯಿತು. ಪ್ರೊಜೆಕ್ಟರಿನ ಶಟರ್ ಒಂದೊಂದು ಚಿತ್ರವನ್ನು ಎರಡು ಸಲ ತೋರಿಸಿ, 48 ಮಿನುಗು ಮಾಡಿ ಕಣ್ಣನ್ನು ಸಮಾಧಾನಪಡಿಸುತ್ತಿತ್ತು.

ನಮ್ಮ ದೇಶದ ವಿದ್ಯುತ್ತು 50 ಆವರ್ತನದ್ದು. ಅದಕ್ಕೆ ಹೊಂದಿಕೊಂಡು ಟೀವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತಿತ್ತು. 24ರ ಚಿತ್ರ ಅಲ್ಲಿ ಹೇಗೆ ಕೂಡಬೇಕು? 50 ಆವರ್ತನದ ದೇಶಗಳು ಕಂಡುಕೊಂಡ ಸುಲಭ ದಾರಿಯೆಂದರೆ ಚಿತ್ರವನ್ನೇ 25ರ ವೇಗದಲ್ಲಿ ಓಡಿಸುವುದು. 150 ನಿಮಿಷದ ಸಿನೆಮಾ 144 ನಿಮಿಷಕ್ಕೆ ಮುಗಿಯುತ್ತಿತ್ತು. ಶ್ರುತಿಯೂ ಏರುತ್ತಿತ್ತು: ಪೇಟಿಯ ಬಿಳಿ ಒಂದರಲ್ಲಿ ಹಾಡಿದ್ದು ಕರಿ ಒಂದರ ಹತ್ತಿರ ಹೋಗಿ ನಿಲ್ಲುವಷ್ಟು. ಅಮೆರಿಕದ್ದು 60 ಆವರ್ತನ. ಅವರು ಒಂದು ಚಿತ್ರವನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಿದರು. ಶ್ರುತಿ ಉಳಿಯಿತು, ನಡಿಗೆ ಕುಂಟಿತು.

ಕಂಪ್ಯೂಟರ್ ಪರದೆಗಳಲ್ಲಿ ಬಹಳಷ್ಟು ಇಂದಿಗೂ 60ರವೇ. ಇಳಕಲ್ ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. 24ಕ್ಕೂ 60ಕ್ಕೂ ಹಾಗೆ ಎಳೆ ಕೂಡುವುದಿಲ್ಲ. ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಹೊರಳುವಾಗ ದೃಶ್ಯ ಎಡವುತ್ತದೆ. ಪರದೆಗೆ ಸಾಧ್ಯವಿದ್ದರೆ 24ರ ಚಿತ್ರಕ್ಕೆ 48, 72 ಅಥವಾ 120, 25ರದಕ್ಕೆ 50 ಅಥವಾ 75 ಇಟ್ಟರೆ ಆಟ ಸರಾಗ.

ಆದರೆ ಸರಾಗವಾದುದೆಲ್ಲ ಸರಿಯಾದುದಲ್ಲ. ಮೊದಲೇ 25ಕ್ಕೆ ಓಡಿಸಿ ಅಚ್ಚಾದ ಹಳೆಯ ಡಿಸ್ಕನ್ನು 50ರ ಪರದೆಯಲ್ಲಿ ಹಾಕಿದರೆ ಚಿತ್ರ ಎಲ್ಲೂ ಎಡವುವುದಿಲ್ಲ, ಏರಿದ ಶ್ರುತಿ ಮಾತ್ರ ಏರಿಯೇ ಇರುತ್ತದೆ. ದನಿಯನ್ನೂ ಚಿತ್ರವನ್ನೂ ಒಟ್ಟಿಗೆ 24ಕ್ಕೆ ಇಳಿಸಬೇಕು. ಅಂಥ ಒಂದು ಡಿಸ್ಕಿನ ಹಾಡನ್ನು ಹಾಗೆ ಇಳಿಸಿ, ನಮ್ಮ ಓಣಿಯ ಪೇಟಿ ಮಾಸ್ತರರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು.

"ಈಗ ಬಾಯಿಯವರು ಅವಸರ ಬಿಟ್ರು ನೋಡ್ರಿ" ಅಂದರು.