ಗಾಯದ ಕಲೆ (ಅಂಗಾಂಶ)

ಗಾಯದ ಕಲೆ ಎಂದರೆ ಪೆಟ್ಟು, ಸುಟ್ಟಗಾಯ, ಸೋಂಕು, ಶಸ್ತ್ರಚಿಕಿತ್ಸೆ ಅಥವಾ ದೀರ್ಘಕಾಲದ ಉರಿಯೂತದಿಂದ ಹಾನಿಗೊಂಡ ದೇಹಭಾಗವು ಮಾಯುವಾಗ, ಅಲ್ಲಿ ಮೊದಲಿದ್ದ ಅಂಗಾಂಶದ ಬದಲಿಗೆ ರೂಪುಗೊಳ್ಳುವ ನಾರಿನ ಅಂಗಾಂಶ. ಇದರ ಮುಖ್ಯ ಘಟಕ ಕೊಲಾಜನ್ ಎಂಬ ಪ್ರೋಟೀನು. ಸಾಮಾನ್ಯ ಬಳಕೆಯಲ್ಲಿ ಈ ಪದವು ಚರ್ಮದ ಮೇಲೆ ಕಾಣುವ ಗುರುತಿಗೆ ಸೀಮಿತವಾಗಿದ್ದರೂ, ಹೃದಯ, ಯಕೃತ್ತು, ಶ್ವಾಸಕೋಶ, ಮೂತ್ರಪಿಂಡ, ಗರ್ಭಕೋಶ, ಕಣ್ಣು ಮೊದಲಾದ ಅಂಗಗಳಲ್ಲಿಯೂ ಕಲೆಯ ಅಂಗಾಂಶ ಉಂಟಾಗುತ್ತದೆ. ಒಳ ಅಂಗಗಳಲ್ಲಿ ಇಂತಹ ಅಂಗಾಂಶವು ಹರಡಿಕೊಳ್ಳುವುದನ್ನು ನಾರುಗಟ್ಟುವಿಕೆ ಅಥವಾ ಫೈಬ್ರೋಸಿಸ್ ಎನ್ನುತ್ತಾರೆ.

ಕಲೆಯ ಅಂಗಾಂಶವು ದೇಹದ ತುರ್ತು ದುರಸ್ತಿಯ ಫಲ. ಅದು ಒಡೆದ ಭಾಗವನ್ನು ಬೇಗನೆ ಮುಚ್ಚಿ ರಕ್ತಸ್ರಾವವನ್ನೂ ಸೋಂಕನ್ನೂ ತಡೆಯುತ್ತದೆ. ಆದರೆ ಮೂಲ ಅಂಗಾಂಶ ಮಾಡುತ್ತಿದ್ದ ಕೆಲಸವನ್ನು ಅದು ಮಾಡಲಾರದು. ಹೃದಯದ ಕಲೆ ಸಂಕುಚಿಸುವುದಿಲ್ಲ, ಶ್ವಾಸಕೋಶದ ಕಲೆ ಗಾಳಿಯನ್ನು ಹೀರುವುದಿಲ್ಲ, ಚರ್ಮದ ಕಲೆ ಬೆವರುವುದಿಲ್ಲ. ಕಲೆಯಿಂದ ಬರುವ ಬಹುತೇಕ ಕಾಯಿಲೆಗಳ ಮೂಲ ಈ ಕೊರತೆಯಲ್ಲಿಯೇ ಇದೆ.

ರಚನೆ

ಆರೋಗ್ಯವಂತ ಚರ್ಮದಲ್ಲಿ ಕೊಲಾಜನ್ ನಾರುಗಳು ಬುಟ್ಟಿಯ ಹೆಣಿಗೆಯಂತೆ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಆದ್ದರಿಂದ ಚರ್ಮವು ಯಾವ ಕಡೆಗೆ ಎಳೆದರೂ ಹಿಗ್ಗಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಕಲೆಯಲ್ಲಿರುವುದೂ ಅದೇ ಕೊಲಾಜನ್. ಆದರೆ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ, ಒಂದರ ಪಕ್ಕ ಒಂದು ಒತ್ತಾಗಿ ಜೋಡಣೆಗೊಂಡಿರುತ್ತವೆ. ಸ್ಥಿತಿಸ್ಥಾಪಕ ಗುಣವುಳ್ಳ ಎಲಾಸ್ಟಿನ್ ನಾರುಗಳು ಕಡಿಮೆ. ಕೂದಲಿನ ಬುಡಗಳು, ಬೆವರುಗ್ರಂಥಿಗಳು ಹಾಗೂ ತೈಲಗ್ರಂಥಿಗಳು ಮತ್ತೆ ಹುಟ್ಟುವುದಿಲ್ಲ. ಕಲೆಯು ನುಣುಪಾಗಿ, ಕೂದಲಿಲ್ಲದೆ, ಸುತ್ತಲಿನ ಚರ್ಮಕ್ಕಿಂತ ಬೇರೆ ಬಣ್ಣದಲ್ಲಿ ಕಾಣುವುದಕ್ಕೆ ಇದೇ ಕಾರಣ. ಪೂರ್ತಿ ಮಾಗಿದ ಕಲೆಯ ಬಲವು ಮೂಲ ಚರ್ಮದ ಬಲದ ಸುಮಾರು 80 ಪ್ರತಿಶತವನ್ನು ಮಾತ್ರ ಮುಟ್ಟುತ್ತದೆ.

ಉಂಟಾಗುವ ಬಗೆ

ಗಾಯವು ಮಾಯುವ ಕ್ರಿಯೆಯನ್ನು ನಾಲ್ಕು ಹಂತಗಳಾಗಿ ವಿವರಿಸುವುದು ರೂಢಿ. ಈ ಹಂತಗಳು ಒಂದರ ಮೇಲೊಂದು ಹಾಯ್ದು ನಡೆಯುತ್ತವೆ.

ಮೊದಲ ಹಂತದಲ್ಲಿ ರಕ್ತ ಹೆಪ್ಪುಗಟ್ಟಿ ಸ್ರಾವ ನಿಲ್ಲುತ್ತದೆ. ಎರಡನೆಯದು ಉರಿಯೂತದ ಹಂತ. ಬಿಳಿರಕ್ತಕಣಗಳು ಗಾಯವನ್ನು ತಲುಪಿ ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ತೆರವು ಮಾಡುತ್ತವೆ. ಮೂರನೆಯ ಹಂತದಲ್ಲಿ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಕೊಲಾಜನ್ ನೇಯುತ್ತವೆ. ಸೂಕ್ಷ್ಮ ರಕ್ತನಾಳಗಳು ಚಿಗುರುತ್ತವೆ. ಇವುಗಳಲ್ಲಿ ಕೆಲವು ಸ್ನಾಯುಕೋಶದಂತೆ ಸಂಕುಚಿಸುವ ಶಕ್ತಿ ಪಡೆದು ಮಯೋಫೈಬ್ರೋಬ್ಲಾಸ್ಟ್‌ಗಳಾಗಿ, ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ಕೊನೆಯದು ಮರುರೂಪಣೆಯ ಹಂತ. ಅವಸರದಲ್ಲಿ ನೇಯ್ದ ಮೂರನೆಯ ಬಗೆಯ ಕೊಲಾಜನ್ ಕರಗಿ, ಬಲವಾದ ಒಂದನೆಯ ಬಗೆಯ ಕೊಲಾಜನ್ ಅದರ ಸ್ಥಾನಕ್ಕೆ ಬರುತ್ತದೆ. ಈ ಹಂತವು ಒಂದು ವರ್ಷವನ್ನೂ ಮೀರಬಹುದು. ಕೆಂಪಗೆ ಉಬ್ಬಿದ ಹೊಸ ಕಲೆಯು ತಿಂಗಳುಗಳು ಕಳೆದಂತೆ ಚಪ್ಪಟೆಯಾಗಿ ಬಣ್ಣಗುಂದುವುದು ಇದರಿಂದಲೇ.

ಕೆಲಸ ಮುಗಿದ ಮೇಲೆ ಮಯೋಫೈಬ್ರೋಬ್ಲಾಸ್ಟ್‌ಗಳು ತಾವಾಗಿಯೇ ಸಾಯಬೇಕು. ಹಾನಿಯು ಮುಂದುವರಿಯುತ್ತಲೇ ಇದ್ದರೆ, ಉದಾಹರಣೆಗೆ ನಿತ್ಯದ ಮದ್ಯಪಾನದಿಂದ ಯಕೃತ್ತಿಗೆ ಆಗುವಂತೆ, ಅವು ಉಳಿದುಕೊಂಡು ಕೊಲಾಜನ್ ನೇಯುವುದನ್ನು ನಿಲ್ಲಿಸುವುದಿಲ್ಲ. ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನು ಈ ಪ್ರಕ್ರಿಯೆಯ ಪ್ರಮುಖ ಪ್ರಚೋದಕ.

ಎಲ್ಲ ಗಾಯಗಳೂ ಕಲೆಯನ್ನು ಉಳಿಸುವುದಿಲ್ಲ. ಮೇಲ್ಚರ್ಮಕ್ಕೆ ಮಾತ್ರ ಆದ ತರಚು ಕಲೆಯಿಲ್ಲದೆ ಮಾಯುತ್ತದೆ. ಮುರಿದ ಮೂಳೆಯು ಸಾಮಾನ್ಯವಾಗಿ ಮೂಳೆಯಿಂದಲೇ ಕೂಡಿಕೊಳ್ಳುತ್ತದೆ. ಬಾಯಿಯ ಒಳಪದರದಲ್ಲಿ ಕಲೆ ಅತ್ಯಲ್ಪ. ಗರ್ಭಾವಸ್ಥೆಯ ಮೊದಲ ಸುಮಾರು 24 ವಾರಗಳಲ್ಲಿ ಭ್ರೂಣದ ಚರ್ಮಕ್ಕೆ ಆದ ಗಾಯವು ಗುರುತೇ ಇಲ್ಲದಂತೆ ಮಾಯುತ್ತದೆ.

ಚರ್ಮದ ಕಲೆಗಳ ಬಗೆಗಳು

ಸಾಧಾರಣ ಕಲೆ: ಚಪ್ಪಟೆಯಾಗಿ, ಗೆರೆಯಂತೆ ಉಳಿಯುವಂಥದು. ಹೊಲಿಗೆ ಹಾಕಿದ ಗಾಯಗಳಲ್ಲಿ ಸಾಮಾನ್ಯ.

ಕುಳಿಬಿದ್ದ ಕಲೆ: ಮೊಡವೆ, ಸೀತಾಳೆ ಸಿಡುಬು ಮುಂತಾದವುಗಳಿಂದ ಚರ್ಮದ ಒಳಪದರ ನಾಶವಾದಾಗ ಉಂಟಾಗುತ್ತದೆ.

ಉಬ್ಬುಕಲೆ: ದಪ್ಪಗೆ, ಕೆಂಪಗೆ ಉಬ್ಬಿಕೊಂಡರೂ ಮೂಲ ಗಾಯದ ಎಲ್ಲೆಯನ್ನು ದಾಟುವುದಿಲ್ಲ. ಕಾಲಕ್ರಮದಲ್ಲಿ ತಾನಾಗಿಯೇ ತಗ್ಗಬಹುದು.

ಕೀಲಾಯ್ಡ್: ಮೂಲ ಗಾಯದ ಅಂಚನ್ನು ಮೀರಿ ಸುತ್ತಲಿನ ಆರೋಗ್ಯವಂತ ಚರ್ಮದೊಳಕ್ಕೂ ಬೆಳೆಯುತ್ತದೆ. ಏಡಿಯ ಕೊಂಡಿ ಎಂಬರ್ಥದ ಗ್ರೀಕ್ ಪದದಿಂದ ಈ ಹೆಸರನ್ನು ರೂಪಿಸಿದವನು ಫ್ರೆಂಚ್ ವೈದ್ಯ ಜಾನ್-ಲೂಯಿ ಅಲಿಬೇರ್. ಎದೆ, ಹೆಗಲು ಹಾಗೂ ಕಿವಿಯ ಹಾಲೆಗಳಲ್ಲಿ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟಿನಂತೆ ಬೆಳೆಯುವುದು ಹಲವರ ಅನುಭವಕ್ಕೆ ಬಂದಿರುತ್ತದೆ. ಕಪ್ಪು ಚರ್ಮದವರಲ್ಲಿಯೂ 10ರಿಂದ 30ರ ವಯೋಮಾನದವರಲ್ಲಿಯೂ ಇದರ ಪ್ರಮಾಣ ಅಧಿಕ. ಕೆಲವು ಕುಟುಂಬಗಳಲ್ಲಿ ಅನುವಂಶಿಕವಾಗಿ ಕಾಣಿಸುತ್ತದೆ. ಬರಿದೇ ಕತ್ತರಿಸಿ ತೆಗೆದರೆ ಮತ್ತೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ, ಬೆಳೆಯುವುದರಿಂದ ಚಿಕಿತ್ಸೆ ಕಷ್ಟಸಾಧ್ಯ.

ಸೆಳೆತದ ಕಲೆ: ಆಳವಾದ ಸುಟ್ಟಗಾಯಗಳಲ್ಲಿ ಕಲೆಯು ಕುಗ್ಗುತ್ತ ಹೋಗಿ ಕುತ್ತಿಗೆ, ಮೊಣಕೈ, ಬೆರಳುಗಳನ್ನು ಮಡಿಸಿದ ಸ್ಥಿತಿಯಲ್ಲಿಯೇ ಬಿಗಿದುಬಿಡುತ್ತದೆ. ಮಕ್ಕಳಲ್ಲಿ ಇದು ಹೆಚ್ಚು ತೊಡಕಿನದು. ದೇಹ ಬೆಳೆದರೂ ಕಲೆಯು ಅದಕ್ಕೆ ಸರಿಯಾಗಿ ಬೆಳೆಯುವುದಿಲ್ಲ.

ಬಹುಕಾಲ ಮಾಯದೆ ಮತ್ತೆ ಮತ್ತೆ ಹುಣ್ಣಾಗುವ ಹಳೆಯ ಸುಟ್ಟಗಾಯದ ಕಲೆಯಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟಬಹುದು. ಇದಕ್ಕೆ ಮಾರ್ಜೋಲಿನ್ ಹುಣ್ಣು ಎಂದು ಹೆಸರು. ಹಳೆಯ ಕಲೆಯಲ್ಲಿ ಹೊಸದಾಗಿ ಹುಣ್ಣು, ಗಂಟು ಅಥವಾ ರಕ್ತಸ್ರಾವ ಕಂಡರೆ ವೈದ್ಯರಿಗೆ ತೋರಿಸುವುದು ಅಗತ್ಯ.

ಒಳ ಅಂಗಗಳ ರೋಗಗಳಲ್ಲಿ ಕಲೆಯ ಪಾತ್ರ

ಹೃದಯ

ಹೃದಯಾಘಾತದಲ್ಲಿ ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಸುಮಾರು 6ರಿಂದ 8 ವಾರಗಳಲ್ಲಿ ಅದರ ಜಾಗವನ್ನು ಕಲೆ ತುಂಬುತ್ತದೆ. ಈ ಕಲೆ ಇಲ್ಲದಿದ್ದರೆ ಹೃದಯದ ಗೋಡೆಯೇ ಒಡೆಯಬಹುದಿತ್ತು. ಆದರೆ ಕಲೆಯ ಭಾಗ ಸಂಕುಚಿಸದ ಕಾರಣ ಉಳಿದ ಸ್ನಾಯುವಿನ ಮೇಲೆ ಹೊರೆ ಬಿದ್ದು ಹೃದಯ ವೈಫಲ್ಯಕ್ಕೆ ದಾರಿಯಾಗಬಹುದು. ಇದಲ್ಲದೆ ಕಲೆಯ ಅಂಚಿನಲ್ಲಿ ವಿದ್ಯುತ್ ಸಂಕೇತವು ಸುತ್ತುಹೊಡೆಯತೊಡಗಿ, ಅಪಾಯಕಾರಿಯಾದ ಬಡಿತದ ಏರುಪೇರು ಹುಟ್ಟಬಹುದು. ಆಘಾತವಾಗಿ ವರ್ಷಗಳು ಕಳೆದ ಮೇಲೂ ಹಠಾತ್ ಸಾವು ಸಂಭವಿಸುವುದಕ್ಕೆ ಇದೊಂದು ಕಾರಣ. ಎದೆನೋವು ಕಂಡ ಕೂಡಲೇ ಆಸ್ಪತ್ರೆ ಸೇರಿ ರಕ್ತನಾಳವನ್ನು ತೆರೆಸಿಕೊಂಡಷ್ಟೂ ಸಾಯುವ ಸ್ನಾಯು ಕಡಿಮೆಯಾಗಿ, ಕಲೆಯೂ ಚಿಕ್ಕದಾಗುತ್ತದೆ.

ಮಕ್ಕಳಲ್ಲಿ ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ನಂತರ ಬರುವ ರುಮಾಟಿಕ್ ಜ್ವರವು ಹೃದಯದ ಕವಾಟಗಳಲ್ಲಿ ಕಲೆಯನ್ನುಂಟುಮಾಡುತ್ತದೆ. ಕವಾಟದ ಅಂಚುಗಳು ಅಂಟಿಕೊಂಡು ದಾರಿ ಕಿರಿದಾಗುತ್ತದೆ. ನಿಯಮಿತವಾಗಿ ಪೆನಿಸಿಲಿನ್ ಚುಚ್ಚುಮದ್ದು ಪಡೆದರೆ ಜ್ವರ ಮರುಕಳಿಸುವುದನ್ನು ತಡೆಯಬಹುದು.

ಯಕೃತ್ತು

ಯಕೃತ್ತಿಗೆ ಮರುಬೆಳೆಯುವ ಶಕ್ತಿಯಿದೆ. ಆದರೆ ಹೆಪಟೈಟಿಸ್ ಬಿ ಮತ್ತು ಸಿ, ಮದ್ಯಪಾನ, ಕೊಬ್ಬಿನ ಯಕೃತ್ತು ಇವುಗಳಿಂದ ಹಾನಿ ಎಡೆಬಿಡದೆ ನಡೆದರೆ ನಾರಿನ ಪಟ್ಟಿಗಳು ಇಡೀ ಅಂಗವನ್ನು ಗಂಟುಗಂಟಾಗಿ ವಿಭಾಗಿಸುತ್ತವೆ. ಇದೇ ಸಿರೋಸಿಸ್. ಹಳದಿಮಿಶ್ರಿತ ಕಂದುಬಣ್ಣ ಎಂಬರ್ಥದ ಗ್ರೀಕ್ ಪದದಿಂದ ಈ ಹೆಸರನ್ನು 1819ರಲ್ಲಿ ಕೊಟ್ಟವನು, ಸ್ಟೆತಾಸ್ಕೋಪಿನ ಜನಕನಾದ ರೆನೆ ಲೆನೆಕ್. ರಕ್ತದ ಹರಿವಿಗೆ ತಡೆಯುಂಟಾಗಿ ಜಲೋದರ, ಅನ್ನನಾಳದ ಉಬ್ಬಿದ ರಕ್ತನಾಳಗಳು ಒಡೆದು ರಕ್ತವಾಂತಿ ಮೊದಲಾದವು ಕಾಣಿಸಿಕೊಳ್ಳುತ್ತವೆ. ಕಾರಣವನ್ನು ಆರಂಭದಲ್ಲಿಯೇ ನಿವಾರಿಸಿದರೆ ಯಕೃತ್ತಿನ ಕಲೆಯು ಸ್ವಲ್ಪಮಟ್ಟಿಗೆ ಕರಗಬಲ್ಲುದು.

ಶ್ವಾಸಕೋಶ

ಕ್ಷಯರೋಗ ಗುಣವಾದ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಕಲೆಗಳು ಎಕ್ಸ್-ರೇ ಚಿತ್ರದಲ್ಲಿ ಜೀವನಪೂರ್ತಿ ಕಾಣಬಹುದು. ಕಲ್ಲುಗಣಿ, ಕಲ್ಲು ಪುಡಿಮಾಡುವ ಘಟಕಗಳಲ್ಲಿ ಸಿಲಿಕಾ ದೂಳನ್ನು ಉಸಿರಾಡುವ ಕಾರ್ಮಿಕರಿಗೆ ಸಿಲಿಕೋಸಿಸ್ ಬರುತ್ತದೆ. ಕರ್ನಾಟಕದ ಕೋಲಾರ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಈ ರೋಗವು ಸ್ವಾತಂತ್ರ್ಯಪೂರ್ವದಲ್ಲಿಯೇ ದಾಖಲಾಗಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಸಿಲಿಕೋಸಿಸ್ ದೂಳಿನ ಕೆಲಸ ಬಿಟ್ಟ ನಂತರವೂ ಮುಂದುವರಿಯುವ ಸ್ವಭಾವದ್ದು, ಮತ್ತು ಕ್ಷಯ ತಗಲುವ ಸಂಭವವನ್ನೂ ಹೆಚ್ಚಿಸುತ್ತದೆ. ಇದಕ್ಕೆ ಗುಣಪಡಿಸುವ ಔಷಧವಿಲ್ಲ. ದೂಳನ್ನು ತಡೆಯುವುದೊಂದೇ ಉಪಾಯ.

ಕಾರಣ ತಿಳಿಯದ ಶ್ವಾಸಕೋಶದ ನಾರುಗಟ್ಟುವಿಕೆಯ ವೇಗವನ್ನು ತಗ್ಗಿಸುವ ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್ ಎಂಬ ಎರಡು ಔಷಧಗಳಿಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಇವು ಆಗಿಹೋದ ಕಲೆಯನ್ನು ಅಳಿಸುವುದಿಲ್ಲ.

ಬಾಯಿ

ಅಡಿಕೆ ಮತ್ತು ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರದ ಅಡಿಯಲ್ಲಿ ನಾರು ಕಟ್ಟಿ, ಬಾಯಿ ತೆರೆಯುವುದೇ ಕಷ್ಟವಾಗುವ ಸ್ಥಿತಿ ಉಂಟಾಗುತ್ತದೆ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗವನ್ನು ಆಧುನಿಕ ವೈದ್ಯಸಾಹಿತ್ಯದಲ್ಲಿ 1952ರಲ್ಲಿ ವಿವರಿಸಲಾಯಿತು. ರೋಗಿಗಳು ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಭಾರತೀಯ ಮಹಿಳೆಯರು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವಸ್ತು ಫೈಬ್ರೋಬ್ಲಾಸ್ಟ್‌ಗಳನ್ನು ಪ್ರಚೋದಿಸುತ್ತದೆ. ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆ ಬಿಳಿಚಿ ಗಡುಸಾಗುವುದು ಮೊದಲ ಲಕ್ಷಣಗಳು. ಇದು ಬಾಯಿಯ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿಯಾಗಿದ್ದು, ದೇಶದಲ್ಲಿಯೇ ಅತಿಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದ ಮಟ್ಟಿಗೆ ಗಮನಾರ್ಹವಾದುದು.

ಹೊಟ್ಟೆ ಮತ್ತು ಗರ್ಭಕೋಶ

ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕರುಳುಗಳ ನಡುವೆ ಕಲೆಯ ಪಟ್ಟಿಗಳು ಬೆಳೆದು ಒಂದಕ್ಕೊಂದು ಅಂಟಿಕೊಳ್ಳಬಹುದು. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಕೆಲವರಲ್ಲಿ ಎಷ್ಟೋ ವರ್ಷಗಳ ನಂತರ ಸಣ್ಣಕರುಳು ಕಟ್ಟಿಕೊಳ್ಳುವುದಕ್ಕೆ ಕಾರಣವಾಗುತ್ತದೆ.

ಸಿಸೇರಿಯನ್ ಹೆರಿಗೆಯ ಕಲೆಯು ಮುಂದಿನ ಹೆರಿಗೆಯ ನೋವಿನಲ್ಲಿ ಬಿಡುವ ಸಂಭವ ಕಡಿಮೆ, ಸುಮಾರು 200 ಹೆರಿಗೆಗಳಲ್ಲಿ ಒಂದು. ಆದರೂ ಹಾಗಾದರೆ ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಆದ್ದರಿಂದ ಹಿಂದೆ ಸಿಸೇರಿಯನ್ ಆದವರು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕಡೆಯಲ್ಲಿಯೇ ಹೆರಿಗೆ ಮಾಡಿಸಿಕೊಳ್ಳಬೇಕೆಂಬುದು ವೈದ್ಯರ ಸಲಹೆ. ಮಾಸು ಹಳೆಯ ಕಲೆಗೆ ಆಳವಾಗಿ ಅಂಟಿಕೊಳ್ಳುವ ಸಾಧ್ಯತೆಯೂ ಪ್ರತಿ ಸಿಸೇರಿಯನ್ ನಂತರ ಹೆಚ್ಚುತ್ತದೆ. ಗರ್ಭಕೋಶದ ಒಳಪದರದಲ್ಲಿ ಕಲೆ ಕಟ್ಟುವ ಆಶರ್ಮನ್ ಸಿಂಡ್ರೋಮ್ ಬಂಜೆತನಕ್ಕೆ ಎಡೆಮಾಡಬಹುದು. ಭಾರತದಲ್ಲಿ ಇದರ ಕಾರಣಗಳಲ್ಲಿ ಜನನಾಂಗದ ಕ್ಷಯವೂ ಒಂದು.

ಕಣ್ಣು

ಟ್ರಕೋಮಾ ಸೋಂಕು ಮತ್ತೆ ಮತ್ತೆ ತಗಲಿದಾಗ ರೆಪ್ಪೆಯ ಒಳಮೈಯಲ್ಲಿ ಕಲೆ ಕಟ್ಟಿ ರೆಪ್ಪೆ ಒಳಕ್ಕೆ ಮಡಿಚಿಕೊಳ್ಳುತ್ತದೆ. ರೆಪ್ಪೆಗೂದಲು ಕಣ್ಣಿಗೆ ಉಜ್ಜಿ ಉಜ್ಜಿ ಕಾರ್ನಿಯಾದ ಮೇಲೂ ಕಲೆ ಬಿದ್ದು ದೃಷ್ಟಿ ಹೋಗುತ್ತದೆ. ಭಾರತವು ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿರ್ಮೂಲನೆ ಮಾಡಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಮಾನ್ಯಮಾಡಿತು. ಪೆಟ್ಟು, ಸೋಂಕು ಅಥವಾ ಎ ಜೀವಸತ್ವದ ಕೊರತೆಯಿಂದ ಕಾರ್ನಿಯಾದಲ್ಲಿ ಕಲೆಯಾದವರಿಗೆ, ನೇತ್ರದಾನದಿಂದ ಬಂದ ಕಾರ್ನಿಯಾವನ್ನು ಕಸಿಮಾಡಿ ದೃಷ್ಟಿ ಮರಳಿಸಬಹುದು.

ಮಿದುಳು ಮತ್ತು ಮೂತ್ರಪಿಂಡ

ಮಿದುಳು ಮತ್ತು ಬೆನ್ನುಹುರಿಯ ಕಲೆಯನ್ನು ಮುಖ್ಯವಾಗಿ ಕಟ್ಟುವುದು ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳು. ಇದು ಹಾನಿ ಹರಡದಂತೆ ಬೇಲಿ ಹಾಕುತ್ತದೆ; ಜೊತೆಗೆ ನರತಂತುಗಳು ಮತ್ತೆ ಬೆಳೆಯುವುದಕ್ಕೂ ಅಡ್ಡಿಯಾಗುತ್ತದೆ. ತಲೆಗೆ ಪೆಟ್ಟು ಬಿದ್ದ ಜಾಗ ಅಥವಾ ಲಾಡಿಹುಳುವಿನ ಮರಿಗಳು ಸತ್ತ ಜಾಗದ ಕಲೆಯು ಮೂರ್ಛೆರೋಗಕ್ಕೆ ಮೂಲವಾಗಬಹುದು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಿಂದ ಮೂತ್ರಪಿಂಡದ ಸೋಸುಗಳು ಕಲೆಗಟ್ಟಿದರೆ ಕೊನೆಗೆ ಡಯಾಲಿಸಿಸ್ ಬೇಕಾಗುತ್ತದೆ.

ಆಹಾರ ಮತ್ತು ಕಲೆ

ಕೊಲಾಜನ್ ತಯಾರಿಕೆಗೆ ಸಿ ಜೀವಸತ್ವ ಅತ್ಯಗತ್ಯ. ಕಲೆಯು ಒಮ್ಮೆ ಕಟ್ಟಿ ನಿಂತ ಗೋಡೆಯಲ್ಲ. ಅದರ ಕೊಲಾಜನ್ ಸವೆಯುತ್ತ, ಹೊಸದಾಗಿ ತುಂಬುತ್ತ ಇರುತ್ತದೆ. ಸ್ಕರ್ವಿ ರೋಗದಲ್ಲಿ ಹೊಸ ಕೊಲಾಜನ್ ಸರಿಯಾಗಿ ರೂಪುಗೊಳ್ಳದೆ ಹಳೆಯ ಗಾಯಗಳು ಮತ್ತೆ ಬಾಯಿಬಿಡುತ್ತವೆ. ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ಆ್ಯನ್ಸನ್‌ನ 1740ರ ದಶಕದ ಭೂಪ್ರದಕ್ಷಿಣೆಯ ವೃತ್ತಾಂತದಲ್ಲಿ, 1690ರ ಬಾಯ್ನ್ ಕದನದಲ್ಲಿ ಗಾಯಗೊಂಡಿದ್ದವನೊಬ್ಬನ ಗಾಯಗಳು 50 ವರ್ಷಗಳ ನಂತರ ಸ್ಕರ್ವಿಯಿಂದಾಗಿ ತೆರೆದುಕೊಂಡ ಪ್ರಸಂಗವಿದೆ.

ಚಿಕಿತ್ಸೆ ಮತ್ತು ತಡೆ

ಚರ್ಮದ ಕಲೆಯನ್ನು ಪೂರ್ತಿ ಅಳಿಸುವ ವಿಧಾನ ಇನ್ನೂ ಇಲ್ಲ, ತಗ್ಗಿಸುವ ವಿಧಾನಗಳಿವೆ. ಸಿಲಿಕೋನ್ ಹಾಳೆ ಅಥವಾ ಜೆಲ್, ಒತ್ತಡದ ಉಡುಪು, ಕಲೆಯೊಳಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು, ಲೇಸರ್ ಇವು ಬಳಕೆಯಲ್ಲಿವೆ. ಕೀಲಾಯ್ಡ್‌ಗೆ ಶಸ್ತ್ರಚಿಕಿತ್ಸೆಯ ಜೊತೆ ವಿಕಿರಣ ಚಿಕಿತ್ಸೆಯನ್ನೂ ಕೊಡುವುದುಂಟು. ಸೆಳೆತದ ಕಲೆಗಳನ್ನು ಚರ್ಮದ ಕಸಿಯಿಂದ ಅಥವಾ ಇಂಗ್ಲಿಷಿನ ಜ಼ಡ್ ಅಕ್ಷರದಾಕಾರದಲ್ಲಿ ಚರ್ಮವನ್ನು ಕತ್ತರಿಸಿ ಹೊಂದಿಸುವ ವಿಧಾನದಿಂದ ಬಿಡಿಸುತ್ತಾರೆ.

ಸುಟ್ಟ ಕೂಡಲೇ ಆ ಭಾಗದ ಮೇಲೆ 20 ನಿಮಿಷ ತಣ್ಣನೆಯ ಹರಿಯುವ ನೀರನ್ನು ಬಿಡುವುದು ಗಾಯ ಆಳಕ್ಕಿಳಿಯುವುದನ್ನು ತಡೆಯುತ್ತದೆ. ಮಂಜುಗಡ್ಡೆ, ಟೂತ್‌ಪೇಸ್ಟ್, ಕಾಫಿಪುಡಿ, ಶಾಯಿ ಮುಂತಾದವನ್ನು ಹಚ್ಚಬಾರದು. ಹಕ್ಕಳೆಯನ್ನು ಕೀಳದಿರುವುದು, ಹೊಸ ಕಲೆಯನ್ನು ಬಿಸಿಲಿನಿಂದ ಮರೆಮಾಡುವುದು, ಸುಟ್ಟ ಕೀಲುಗಳಿಗೆ ವೈದ್ಯರು ಹೇಳಿದಂತೆ ವ್ಯಾಯಾಮ ಕೊಡುವುದು ಇವೂ ಪ್ರಯೋಜನಕಾರಿ.

ಇತಿಹಾಸ ಮತ್ತು ಸಮಾಜ

ಸುಶ್ರುತ ಸಂಹಿತೆಯು ‘ವ್ರಣ’ ಶಬ್ದದ ನಿರುಕ್ತಿಯನ್ನೇ ಕಲೆಯೊಡನೆ ಜೋಡಿಸುತ್ತದೆ: ಹುಣ್ಣು ಮಾಯ್ದ ಮೇಲೂ ಅದರ ಗುರುತು ದೇಹವಿರುವ ತನಕ ಅಳಿಯದೆ ಉಳಿಯುವುದರಿಂದ ಆ ಹೆಸರು ಬಂದಿದೆಯೆಂಬುದು ಅದರ ವಿವರಣೆ. ವ್ರಣಕ್ಕೆ ಹೇಳಿದ 60 ಉಪಕ್ರಮಗಳಲ್ಲಿ, ಬಿಳಿಚಿದ ಕಲೆಯನ್ನು ಕಪ್ಪಾಗಿಸುವ ಕೃಷ್ಣಕರ್ಮ, ಕಪ್ಪಾದುದನ್ನು ತಿಳಿಯಾಗಿಸುವ ಪಾಂಡುಕರ್ಮ, ಕೂದಲು ಬರಿಸುವ ರೋಮಸಂಜನನಗಳೂ ಸೇರಿವೆ.

ಸಿಡುಬಿನಿಂದ ಬದುಕುಳಿದವರ ಮುಖದಲ್ಲಿ ಕುಳಿಕಲೆಗಳು ಉಳಿಯುತ್ತಿದ್ದವು. ಸಿಡುಬು ನಿರ್ಮೂಲನೆಯ ಕೊನೆಯ ಹಂತದಲ್ಲಿ, ಒಂದು ಪ್ರದೇಶದಲ್ಲಿ ರೋಗ ನಿಂತಿದೆಯೇ ಎಂಬುದನ್ನು ತಿಳಿಯಲು ಚಿಕ್ಕ ಮಕ್ಕಳ ಮುಖದ ಕಲೆಗಳನ್ನು ಎಣಿಸುವ ಸಮೀಕ್ಷೆಗಳನ್ನು ನಡೆಸಲಾಯಿತು. ಇಂದು ಎಡತೋಳಿನ ಮೇಲಿನ ಬಿಸಿಜಿ ಲಸಿಕೆಯ ಕಲೆಯು ಹೆಚ್ಚಿನ ಭಾರತೀಯರಲ್ಲಿದೆ. ಆ ಕಲೆ ಮೂಡಲಿಲ್ಲವೆಂದ ಮಾತ್ರಕ್ಕೆ ಲಸಿಕೆ ವಿಫಲವಾಯಿತೆಂದು ಅರ್ಥವಲ್ಲ. ಮತ್ತೆ ಹಾಕಿಸಬೇಕಾದ ಅಗತ್ಯವೂ ಇಲ್ಲ.

ಶಾಲಾ ದಾಖಲೆ ಮತ್ತು ಪರೀಕ್ಷಾ ಅರ್ಜಿಗಳಲ್ಲಿ ವ್ಯಕ್ತಿಯ ಗುರುತಿಗಾಗಿ ಕಲೆ, ಮಚ್ಚೆಗಳನ್ನು ನಮೂದಿಸುವ ಪದ್ಧತಿ ಬಹುಕಾಲದಿಂದ ಇದೆ. ಇನ್ನೊಂದೆಡೆ ಬೆಂಕಿ ಅಥವಾ ಆಮ್ಲದಿಂದ ಮುಖ ಸುಟ್ಟವರು ಕಲೆಯ ಕಾರಣಕ್ಕೆ ಉದ್ಯೋಗ, ವಿವಾಹ, ಶಿಕ್ಷಣಗಳಲ್ಲಿ ಹೊರಗುಳಿಯಬೇಕಾದ ಪ್ರಸಂಗಗಳಿವೆ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಆಮ್ಲದಾಳಿಗೆ ಒಳಗಾದವರನ್ನು ಅಂಗವೈಕಲ್ಯದ ವ್ಯಾಪ್ತಿಗೆ ಸೇರಿಸಿ ಮೀಸಲಾತಿ ಮೊದಲಾದ ಸೌಲಭ್ಯಗಳಿಗೆ ಅರ್ಹರನ್ನಾಗಿಸಿದೆ.